ದಿಣ್ಣೆಯ ನಾಡಿ ಹಿಡಿಯುವ ಮಾವ

ನನ್ನ ಸೋದರಮಾವನಿಗೆ ಮನುಷ್ಯರಲ್ಲಿ ಅಪಾರ ನಂಬಿಕೆ. ಜೇಡಿಮಣ್ಣಿನಲ್ಲಿ ಮಾತ್ರ ಎಳ್ಳಷ್ಟೂ ಇಲ್ಲ! ಪಾಲಿಟೆಕ್ನಿಕ್‌ನಲ್ಲಿ ಮಣ್ಣಿನ ಪಾಠ ಹೇಳಿ ನಿವೃತ್ತರಾದ ಅವರು, ಯಾರ ಮನೆಗೆ ಹೋದರೂ ಹಿತ್ತಲ ದಿಬ್ಬದ ಯೋಗಕ್ಷೇಮ ವಿಚಾರಿಸಿದ ಮೇಲೆಯೇ ಮನೆಯವರದು. ಹೆಣ್ಣು ನೋಡುವುದೆಂಬ ಅನಾಗರಿಕ ಶಾಸ್ತ್ರಕ್ಕೆ ಬಂಧುಗಳು ತಮ್ಮ ಮಗನಿಗೆಂದು ಅವರನ್ನೂ ಮುಳಬಾಗಿಲಿಗೆ ಕರೆದೊಯ್ದಿದ್ದರು. "ಹುಡುಗಿ ಹೇಗಿದ್ದಾಳೆ ಮಾವ?" ಎಂದು ಕೇಳಿದೆ. "ಹಿತ್ತಲ ದಿಬ್ಬ ಕೈಕೊಡುತ್ತೆ ಕಣೋ!"

ಅವರ ಈಗಿನ ರೋಗಿ, ಟೇಕಲ್ ಬಳಿಯ ನಮ್ಮೂರ ಅಂಗನವಾಡಿಯ ಹಿಂದಿನ ದಿಣ್ಣೆ. ಇಟ್ಟಿಗೆ ಗೂಡುಗಳಿಗಾಗಿ ಅದರ ಬುಡವನ್ನು ನೆಟ್ಟಗೆ ಕೊರೆದು ಸಾಗಿಸಿದವನು ಗುತ್ತಿಗೆದಾರ. ಕಣ್ಣು ಮುಚ್ಚಿಕೊಂಡದ್ದು ಪಂಚಾಯಿತಿ. ಜಾಗ ಸಮತಟ್ಟಾಯಿತೆಂದು ಹರ್ಷಿಸಿ, ಅಲ್ಲಿಯೇ ಮಕ್ಕಳ ಕಟ್ಟಡ ಕಟ್ಟಿ ರಿಬ್ಬನ್ ಕತ್ತರಿಸಿದ್ದು ಪ್ರಜಾಪ್ರಭುತ್ವ!

"ನಾಲ್ಕು ಮಳೆಗಾಲ ನಿಂತೈತಲ್ಲ ಮೇಷ್ಟ್ರೇ, ಇನ್ನೇನ್ ಬೀಳ್ತದೆ?" ಎಂದರು ಪಂಚಾಯಿತಿ ಸದಸ್ಯರು.

"ಕೊರೆದಾಗ ಜೇಡಿ ಗಟ್ಟಿಯಾಗೇ ಇರುತ್ತೆ ಕಣಯ್ಯಾ. ಒಳಗೊಳಗೇ ನೀರು ಕುಡೀತಾ ವರ್ಷವರ್ಷಕ್ಕೂ ಮೆತ್ತಗಾಗುತ್ತೆ. ಅದಕ್ಕೇನು ನಿಮ್ಮ ಹಾಗೆ ಐದು ವರ್ಷದ ಅವಧಿಯೇ?"

ಮಕ್ಕಳಿಗೆ ತಮ್ಮ ನಡುಮನೆಯನ್ನೇ ಬಿಟ್ಟುಕೊಡುವೆನೆಂದರು ಮಾವ. ಖಾಸಗಿ ನಡುಮನೆಯಲ್ಲಿ ಸರ್ಕಾರಿ ಉಪ್ಪಿಟ್ಟು ಬಡಿಸಲು ಅವಕಾಶವಿಲ್ಲವೆಂದಿತು ಇಲಾಖೆ!

ಸರಿ, ಮಾವ ದಿಣ್ಣೆಯ ಮೇಲೆ ಸಾಲಾಗಿ ಗೂಟ ನೆಟ್ಟು, ಪ್ರತಿ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ನೋಡತೊಡಗಿದರು. ಸಾಲು ಸೊಟ್ಟಗಾದರೆ ದಿಣ್ಣೆ ಜರುಗಿತೆಂದೇ ಅರ್ಥ. ಒಂದು ದಿನ ಸೊಟ್ಟಗಾಗಿಯೇ ಬಿಟ್ಟಿತು! ಮಾವ ಪಂಚೆ ಎತ್ತಿ ಕಟ್ಟಿ ಓಡಿದರು. ಮಕ್ಕಳು ಉಪ್ಪಿಟ್ಟಿನ ತಟ್ಟೆ ಸಮೇತ ರಸ್ತೆಗೆ ಬಂದವು. ಆಗ ಬಾಗಿದ ಗೂಟದ ಹಿಂದಿನಿಂದ ಕೇಳಿಸಿತು: "ಮ್ಯಾ!"

ಮೇಕೆ ಕಟ್ಟಿದ್ದ ಅಜ್ಜಿಗೆ ಸಂಕೋಚವೇ ಇಲ್ಲ. "ಗೂಟ ಇರೋದು ಇನ್ಯಾತಕ್ಕೆ ಸಾಮೀ?"

ಅಂದಿನಿಂದ ಅವರು "ಮೇಕೆ ಮೇಷ್ಟ್ರು". ಈ ಮಳೆಗಾಲ ದಿಣ್ಣೆಯ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿತು. ಅಧಿಕಾರಿಗಳಿಗೆ ತೋರಿಸಿದೆವು. "ಮೇಕೆ ಕೆರೆದಿರಬೇಕು" ಎಂದು ನಕ್ಕು ಜೀಪು ಹತ್ತಿದರು. ಎಚ್ಚರಿಸಿದವನ ಮರ್ಯಾದೆ ಉಳಿಯಲು ಈ ನಾಡಿನಲ್ಲಿ ಅನಾಹುತವೇ ಆಗಬೇಕೇ?

ಮೊನ್ನೆ ಮಳೆಯಲ್ಲಿ ಮಾವನನ್ನು ಹುಡುಕಿಕೊಂಡು ಹೋದೆ. ಅಂಗನವಾಡಿಯೊಳಗೆ ಮಕ್ಕಳು ಅಆಇಈ ಕೂಗುತ್ತಿದ್ದವು. ದಿಣ್ಣೆಯ ಮೇಲೆ ಮಾವ ತೊಯ್ದು ತೊಪ್ಪೆಯಾಗಿ ಕೂತಿದ್ದರು. ಕೊಡೆ ಹಿಡಿದಿದ್ದರು, ಬಿರುಕಿಗೆ! ನಾನು ಬಂದದ್ದೂ ತಿಳಿಯದೆ, ಒದ್ದೆ ಮಣ್ಣು ಸವರುತ್ತ ಹೇಳುತ್ತಿದ್ದರು:

"ನಾನು ಹೇಳಿದ್ದೆಲ್ಲ ಸುಳ್ಳು ಮಾಡ್ಬಿಡು ತಾಯೀ. ಹುಚ್ಚ ಅಂತಾನೇ ಅನ್ನಿಸ್ಕೊಂಡು ಸಾಯ್ತೀನಿ."