ಎರಡನೆಯ ಗೋಲ್‌ಕೀಪರನ ಕಣ್ಣು

ಈ ಪ್ರಸಂಗವನ್ನು ಹೇಳುವ ಕ್ರಮದಲ್ಲಿ ನಾನು ಎಲ್ಲಿಯಾದರೂ ಎಡವಿದರೆ, ಓದುಗರು ಆ ತಪ್ಪನ್ನು ನನ್ನ ತಲೆಗೇ ಕಟ್ಟಬೇಕೆಂದು ವಿನಂತಿ. ನನಗೆ ಪದವಿ ಕೊಟ್ಟ ಕಾಲೇಜಿನ ತಲೆಗೆ ಕಟ್ಟಬಾರದು. ನಮ್ಮ ವಂಶದಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ. ಆದ್ದರಿಂದ ನಾನು ಒಂದು ವಾಕ್ಯ ತಪ್ಪಿದರೆ ಇಡೀ ವಂಶವೇ ತಪ್ಪಿದಂತೆ ಎಂಬ ಅಂಜಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಕಂಡಕ್ಟರರಿಗೆ ನಿಲ್ದಾಣದ ಹೆಸರು ಹೇಳುವಾಗಲೂ ಒಮ್ಮೆ ಮನಸ್ಸಿನಲ್ಲಿ ಹೇಳಿ ನೋಡಿಕೊಂಡೇ ಬಾಯಿ ತೆರೆಯುತ್ತೇನೆ. ಇಷ್ಟು ಎಚ್ಚರದ ಮನುಷ್ಯನು ಹೊಟ್ಟೆಕಿಚ್ಚಿನಂಥ ಅಶಿಸ್ತಿನ ವಿಷಯವನ್ನು ಎತ್ತಿಕೊಳ್ಳಬಾರದಿತ್ತು. ಆದರೆ ಈ ವಿಷಯದಲ್ಲಿ ನನಗಿರುವಷ್ಟು ಅನುಭವ ಬೇರೆ ಯಾವ ವಿಷಯದಲ್ಲಿಯೂ ಇಲ್ಲ.

ಹೊಟ್ಟೆಕಿಚ್ಚಿಗೆ ಸಾಮೀಪ್ಯ ಬೇಕು ಎಂಬುದು ನನ್ನ ಸಿದ್ಧಾಂತ. ಇಂದಿರಾನಗರದಲ್ಲಿ ಸಾಲು ಸಾಲು ಕಾರುಗಳನ್ನು ನಿಲ್ಲಿಸಿಕೊಂಡವರನ್ನು ಕಂಡು ನನ್ನ ಹೊಟ್ಟೆ ಎಂದೂ ಉರಿದಿಲ್ಲ. ಅವರ ಬಾಗಿಲ ನಾಯಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ ಮುಂದೆ ಹೋಗುತ್ತೇನೆ. ನನ್ನ ಹೊಟ್ಟೆ ಉರಿಯುವುದು ನನ್ನ ವಯಸ್ಸಿನವನೇ ಆದ, ನನ್ನ ಅಳತೆಯ ಪ್ಯಾಡುಗಳನ್ನೇ ಕಟ್ಟುವ, ನನ್ನ ಡಬ್ಬಿಯ ಪಲ್ಯವನ್ನೇ ತಿನ್ನುವ ಸಾದಿಕ್ ಎಂಬವನನ್ನು ಕಂಡು. ಅವನು ನಮ್ಮ ಹಾಕಿ ತಂಡದ ಮೊದಲನೆಯ ಗೋಲ್‌ಕೀಪರ್. ನಾನು ಎರಡನೆಯವನು.

ನಮ್ಮದು ಒಂದು ಕಂಪನಿಯು ಸಾಕಿರುವ ವೃತ್ತಿಪರ ತಂಡ. ಹಲಸೂರಿನ ಕಡೆಯ ಮೈದಾನದಲ್ಲಿ ನಮ್ಮ ಅಭ್ಯಾಸ. ಒಂದೊಂದು ಹಂಗಾಮಿಗೆ ಒಂದೊಂದು ಕರಾರು. ಹಂಗಾಮು ಮುಗಿದೊಡನೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ದೇವರಿಗೂ ನಮ್ಮ ಕೋಚ್ ಡೇವಿಡ್ ಸಾರ್ ಅವರಿಗೂ ಮಾತ್ರ ಗೊತ್ತು. ನಾನು ಗೋಲ್‌ಕೀಪರ್ ಆದದ್ದಾದರೂ ಪ್ರತಿಭೆಯಿಂದಲ್ಲ. ನಮ್ಮ ತಂದೆಯವರು ಯಾದಗಿರಿಯ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು ಕೃಷ್ಣರಾಜಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದರು. ಶಾಲೆಯಲ್ಲಿ ಹಾಕಿ ಆಡುವ ಹುಡುಗರು ಸ್ವಂತ ಸ್ಟಿಕ್ಕು, ಸ್ವಂತ ಬೂಟು ತರಬೇಕಾಗಿತ್ತು. ಗೋಲ್‌ಕೀಪರನ ಪ್ಯಾಡು, ಹೆಲ್ಮೆಟ್ಟುಗಳು ಮಾತ್ರ ಶಾಲೆಯವು. ಬರಿಗಾಲಿನಲ್ಲಿ ಬಂದವನಿಗೆ ಅಡಿಯಿಂದ ಮುಡಿಯವರೆಗೆ ಉಡಿಸಿ ನಿಲ್ಲಿಸುವ ಸ್ಥಾನ ಅದೊಂದೇ ಆಗಿದ್ದುದರಿಂದ ನಾನು ಹೋಗಿ ಅಲ್ಲಿ ನಿಂತುಕೊಂಡೆ. ಪದವಿ ಇದೆಯಲ್ಲ, ಬೇರೆ ಕೆಲಸ ನೋಡಬಾರದೇ ಎಂದು ತಾವು ಕೇಳಬಹುದು. ನೋಡಿದ್ದೇನೆ. ಎಲ್ಲರೂ ಅನುಭವ ಕೇಳುತ್ತಾರೆ. ನನ್ನ ಅನುಭವವೆಲ್ಲ ಬೆಂಚಿನ ಮೇಲೆ ಕುಳಿತದ್ದು.

ಹಾಕಿ ನೋಡದವರಿಗಾಗಿ ಒಂದು ಮಾತು. ಮುಂದೆ ಓಡಾಡುವ ಆಟಗಾರರನ್ನು ಐದೈದು ನಿಮಿಷಕ್ಕೆ ಬದಲಿಸುತ್ತಾರೆ. ಅಲ್ಲಿ ಎಷ್ಟೇ ಹಿಂದೆ ಇದ್ದವನಿಗೂ ಒಂದಿಷ್ಟು ಮೈದಾನ ಸಿಗುತ್ತದೆ. ಗೋಲ್‌ಕೀಪರ್ ಮಾತ್ರ ದಣಿಯುವುದಿಲ್ಲ. ಅವನು ನಿಂತದ್ದು ನಿಂತಂತೆಯೇ ನಿಂತಿರುತ್ತಾನೆ. ಪಂದ್ಯಕ್ಕೆ ಮೊದಲು ಅವನ ಕಡೆಗೆ ಚೆಂಡು ಹೊಡೆದು ಅವನ ಮೈ ಬಿಸಿ ಮಾಡುವುದು, ಅನಂತರ ಅವನ ನೀರಿನ ಬಾಟಲಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು, ಇವು ಎರಡನೆಯವನ ಕರ್ತವ್ಯಗಳು. ಒಮ್ಮೆ ನಾವು ಒಂದು ಗೋಲಿನಿಂದ ಹಿಂದೆ ಇದ್ದೆವು. ಆಟ ಮುಗಿಯುವ ಹೊತ್ತು. ಡೇವಿಡ್ ಸಾರ್ ಇದ್ದಕ್ಕಿದ್ದಂತೆ ಸಾದಿಕ್‌ನನ್ನು ಹೊರಕ್ಕೆ ಕರೆದರು. ನನ್ನ ಸರದಿ ಬಂತೆಂದುಕೊಂಡೆ. ಹೆಲ್ಮೆಟ್ ಏರಿಸಿ, ಪಟ್ಟಿ ಬಿಗಿದು, ಗೆರೆಯ ಬಳಿ ಹೋಗಿ ನಿಂತೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ, "ನೀನೆಲ್ಲಿಗ್ ಮ್ಯಾನ್? ಕೂತ್ಕೋ" ಎಂದು ಒಬ್ಬ ಫಾರ್ವರ್ಡ್‌ನನ್ನು ಒಳಗೆ ಕಳುಹಿಸಿದರು. ಗೋಲು ಹೊಡೆಯಲೇಬೇಕಾದಾಗ ಕೀಪರನನ್ನು ತೆಗೆದು ಆಡುವ ಕೈ ಒಂದನ್ನು ಹೆಚ್ಚಿಸಿಕೊಳ್ಳುವುದು ಈ ಆಟದಲ್ಲಿ ರೂಢಿ. ಗೋಲು ಬಾಗಿಲಿಲ್ಲದ ಮನೆಯಂತೆ ಹಾಗೆಯೇ ಬಿದ್ದಿತ್ತು.

ಆ ಸಂಜೆ ಮನೆಯಲ್ಲಿ ಈ ನಿಯಮವನ್ನು ನಾನು ಕ್ರಮಬದ್ಧವಾಗಿ ವಿವರಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಅಂದ್ರ, ನೀ ನಿಂತ್ರೂ ಅಷ್ಟ, ಯಾರೂ ನಿಂದರದಿದ್ರೂ ಅಷ್ಟ ಅಂದಂಗಾತು?"

"ಅಷ್ಟs ಅಲ್ಲಬೇ," ಎಂದಳು ಪಿಯುಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ನನ್ನ ತಂಗಿ ಶರಣಮ್ಮ. "ಅಣ್ಣ ನಿಲ್ಲೋದಕಿಂತ ಯಾರೂ ಇಲ್ಲದಿರೋದು ಛಲೋ ಅಂತ."

ಅಪ್ಪ ನಗಲಿಲ್ಲ. ಅವರು ಬಹಳ ದಿನಗಳಿಂದ ಒಂದು ಮಾತನ್ನು ಇಟ್ಟುಕೊಂಡಿದ್ದರು. ಅಂದು ಅದನ್ನು ಆಡಿಯೇಬಿಟ್ಟರು. "ಮಲ್ಲೂ, ನಿಂದು ಈ ಸಲಾನಾದ್ರೂ ಪೂರ್ತಿ ವರ್ಷದ ಕರಾರು ಗಟ್ಟಿ ಆತಂದ್ರ ಇಕಿ ಕಾಲೇಜಿಗೆ ಹೋಗ್ತಾಳ. ಇಲ್ಲಂದ್ರ ಗಾರ್ಮೆಂಟಿಗೆ ಹೋಗ್ಲಿ. ನನ್ನ ಮೊಣಕಾಲು ಇನ್ನ ಏಣಿ ಹತ್ತವಲ್ವು." ಶರಣಮ್ಮ ಆಮೇಲೆ ತಮಾಷೆ ಮಾಡಲಿಲ್ಲ.

ಈಗ ಸಾದಿಕ್‌ನ ವಿಷಯ. ಅವನು ದುಷ್ಟನಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು! ಅವನ ತಂದೆಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ. ವಾರಕ್ಕೊಮ್ಮೆ ಅವನು ನಮ್ಮ ಮನೆಗೆ ಸಪೋಟದ ಚೀಲ ಹೊತ್ತು ಬರುತ್ತಾನೆ. ಹಣ್ಣುಗಳು ಮೇಲೂ ಚೆನ್ನಾಗಿರುತ್ತವೆ, ತಳದಲ್ಲಿಯೂ ಚೆನ್ನಾಗಿರುತ್ತವೆ. ತಪ್ಪು ಹುಡುಕಲು ನಾನು ಚೀಲವನ್ನು ಕೊನೆಯವರೆಗೆ ಬರಿದು ಮಾಡಿ ನೋಡಿದ್ದೇನೆ. ನೆಲದ ಮೇಲೆ ಚಕ್ಕಳಮಕ್ಕಳ ಕೂತು, "ಅಮ್ಮಾ, ಇನ್ನೊಂದ್ ರೊಟ್ಟಿ ಹಾಕಿ, ನಮ್ ಮನೇಲಿ ಇಂಥಾದ್ ಎಲ್ಲಿ ಸಿಗುತ್ತೆ" ಎನ್ನುತ್ತಾನೆ. ಅವ್ವ ಉಬ್ಬಿಹೋಗಿ ನನ್ನ ಕಡೆ ತಿರುಗಿ, "ನೋಡು, ಉಂಡ್ರ ಹಿಂಗ ಉಣ್ಣಬೇಕು. ಅದಕ್ಕ ಅಂವ ಆಡ್ತಾನ" ಎನ್ನುತ್ತಾಳೆ. ಊಟದಲ್ಲಿಯೂ ನಾನು ಎರಡನೆಯವನು.

ಹೀಗಿರುವಾಗ ಹಂಗಾಮಿನ ಕೊನೆಗೆ ಸಾದಿಕ್‌ನ ಆಟ ಕೆಟ್ಟಿತು. ಕಾಲಿನ ಕೆಳಗೆ ಉರುಳಿ ಬಂದ ಚೆಂಡನ್ನೂ ಬಿಟ್ಟುಕೊಡತೊಡಗಿದ. ಬೆಂಚಿನ ಮೇಲೆ ನಾನು ವಿಷಾದದ ಮುಖವನ್ನು ಇಟ್ಟುಕೊಂಡಿದ್ದೆ. ಒಳಗೆ ಮಾತ್ರ ವಾದ್ಯಗಳು ಮೊಳಗುತ್ತಿದ್ದವು. ಒಂದು ಪಂದ್ಯದ ನಂತರ ಡೇವಿಡ್ ಸಾರ್ ನನ್ನನ್ನು ಪಕ್ಕಕ್ಕೆ ಕರೆದು, "ಲಾಸ್ಟ್ ಮ್ಯಾಚ್ ಬರೋ ಸೋಮವಾರ. ಫಸ್ಟ್ ಹಾಫ್ ಅವ್ನು ಹಿಂಗೇ ಆಡಿದ್ರೆ ನಿನ್ನೇ ಇಳಿಸ್ತೀನಿ. ರೆಡಿ ಇರು. ಅದಾದ್ಮೇಲೇ ಕಾಂಟ್ರಾಕ್ಟ್ ಮಾತು" ಎಂದರು. ಅಂದು ಕೆ.ಆರ್. ಪುರದ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಖಾಲಿ ಸೀಟುಗಳಿದ್ದವು. ಕುಳಿತು ಕುಳಿತು ನನಗೆ ಸಾಕಾಗಿತ್ತು.

ಮನೆಯಲ್ಲಿ ನಾನು ಬಾಯಿ ಬಿಡುವ ಮೊದಲೇ ಅವ್ವ, "ಸಾದಿಕನ ಅವ್ವ ಫೋನ್ ಮಾಡಿದ್ಲು. ಭಾಳ ಅಳಾಕತ್ತಿದ್ಲು. ಹುಡುಗಗ ನಜರ್ ಹತ್ತೇದ ಅಂತ. ನಾವು ನೆದರ ಅಂತೀವಿ, ಅವರು ನಜರ್ ಅಂತಾರ, ಎಲ್ಲಾರ ಕಣ್ಣೂ ಒಂದs. ರವಿವಾರ ಕರ್ಕೊಂಡು ಬಾ, ನಾ ತಗೀತೀನಿ" ಎಂದಳು. ನೆದರು, ಅಂದರೆ ದೃಷ್ಟಿ, ತೆಗೆಯುವುದರಲ್ಲಿ ನಮ್ಮ ಅವ್ವನಿಗೆ ಓಣಿಯಲ್ಲೆಲ್ಲ ಹೆಸರಿದೆ. ನಾನು, ಇದು ಅವೈಜ್ಞಾನಿಕ ಎಂದೆ. ಪದವೀಧರನಾಗಿ ಖಂಡಿಸುತ್ತೇನೆ ಎಂದೆ. "ನಿನ್ನ ಪರೀಕ್ಷೆ ಇದ್ದಾಗ ತಗದಾಗ ಎಲ್ಲಿ ಹೋಗಿತ್ತು ನಿನ್ನ ಖಂಡ್ನಿ?" ಎಂದು ಅವ್ವ ಕೇಳಿದಳು. ನಾನು ಸಾದಿಕ್‌ಗೆ ಫೋನ್ ಮಾಡಿದೆ.

ಭಾನುವಾರ ಸಾದಿಕ್ ಬಂದು ಬಾಗಿಲಿಗೆ ಮುಖ ಮಾಡಿ ಕುಳಿತ. ತೆಂಗಿನ ಚಿಪ್ಪು ಸುಟ್ಟು ಮಾಡಿದ ಕೆಂಡದ ತಟ್ಟೆಯನ್ನು ಹಿಡಿಯಲು ಅವ್ವ ಆರಿಸಿದ್ದು ನನ್ನನ್ನು. "ಗೆಳ್ಯಾ ಹಿಡದ್ರ ಛಲೋ." ಅವಳು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವನ ಸುತ್ತ ಇಳಿಸುತ್ತ ಶುರು ಮಾಡಿದಳು: "ಹೋಗೋರ ನೆದರ, ಬರೋರ ನೆದರ, ಓಣಿ ಮಂದಿ ನೆದರ, ಅಂಗಡಿ ಮಂದಿ ನೆದರ..." ಇಲ್ಲಿಯವರೆಗೆ ನಾನು ನೆಮ್ಮದಿಯಿಂದಿದ್ದೆ. "ಕೂಡಿ ಉಣ್ಣೋರ ನೆದರ, ಕೂಡಿ ಆಡೋರ ನೆದರ..." ನಾನು ತಲೆ ಬಗ್ಗಿಸಿ ಕೆಂಡ ಊದತೊಡಗಿದೆ. "ಯಾರು ನೋಡ್ಯಾರೋ ಅವರ ಕಣ್ಣಾಗ ಉಪ್ಪು ಬೀಳ್ಲಿ, ಖಾರ ಬೀಳ್ಲಿ, ಥೂ, ಥೂ, ಥೂ!" ಮೂರು ಬಾರಿಯೂ ಅವ್ವ ಉಗುಳುವಂತೆ ಮಾಡಿದ್ದು ನಾನು ನಿಂತಿದ್ದ ದಿಕ್ಕಿಗೇ. ಅಲ್ಲಿ ಬಚ್ಚಲಿನ ಬಾಗಿಲಿತ್ತು, ಅದಕ್ಕೇ ಎಂದು ನಾನು ಇಂದಿಗೂ ನಂಬಿದ್ದೇನೆ.

ಮೆಣಸಿನಕಾಯಿ ಕೆಂಡಕ್ಕೆ ಬಿದ್ದಿತು. ಘಾಟು ಬಂದರೆ ನೆದರು ಇರಲಿಲ್ಲವೆಂದೂ, ಬಾರದಿದ್ದರೆ ಬಲವಾಗಿಯೇ ತಗುಲಿದೆಯೆಂದೂ ನಮ್ಮಲ್ಲಿ ನಂಬಿಕೆ. ಒಂದು ಕೆಮ್ಮು ಬರಲಿ ಎಂದು ನಾನು ಮೂಗನ್ನು ತಟ್ಟೆಯ ಮೇಲೆಯೇ ಹಿಡಿದೆ. ಮೆಣಸಿನಕಾಯಿ ಕಪ್ಪಾಯಿತು, ಸಿಡಿಯಿತು, ಬೂದಿಯಾಯಿತು. ಊದುಬತ್ತಿಯಷ್ಟೂ ಘಾಟು ಬರಲಿಲ್ಲ.

"ಅಯ್ಯ ನಮ್ಮಪ್ಪಾ!" ಎಂದು ಅವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಎಂಥಾ ಕಣ್ಣೋ ಇದು! ನಾ ಇಷ್ಟು ದೊಡ್ಡ ನೆದರ ನೋಡೇ ಇಲ್ಲ."

"ಬ್ಯಾಡಗಿ ಮೆಣಸಿನಕಾಯಿಬೇ ಅದು, ಖಾರ ಇರಂಗಿಲ್ಲ," ಎಂದಳು ಶರಣಮ್ಮ.

"ಅದೇ ಕಾರಣ!" ಎಂದು ನಾನು ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಹೇಳಿದೆ. "ಅಲ್ಲದೆ ಕಿಟಕಿಯೂ ತೆರೆದಿದೆ."

"ಅಣ್ಣಾ, ನೀ ಯಾಕ ಬೆವರಾಕತ್ತಿ?"

"ಕೆಂಡದ ಶಾಖ."

ಸಾದಿಕ್ ಮಾತ್ರ ಎದ್ದು ನನ್ನ ಹೆಗಲ ಮೇಲೆ ಕೈ ಹಾಕಿ, "ನನ್ನ ಸಲುವಾಗಿ ಎಷ್ಟ್ ಟೆನ್ಶನ್ ತಗೊಳ್ತೀಯ ಭಾಯ್" ಎಂದ. ನನ್ನ ಕಣ್ಣಲ್ಲಿ ನೀರು ಬಂತು. ಘಾಟಿರಲಿಲ್ಲ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಸೋಮವಾರ ಅವನು ಗೋಡೆಯಂತೆ ನಿಂತ. ಎದುರಾಳಿಗಳು ಹೊಡೆದ ಚೆಂಡುಗಳೆಲ್ಲ ಸಾಲ ತೀರಿಸಲು ಬಂದವರಂತೆ ನೇರವಾಗಿ ಅವನ ಬಳಿಗೇ ಹೋದವು. ಮೊದಲ ಅರ್ಧ ಮುಗಿದಾಗ ಡೇವಿಡ್ ಸಾರ್ ನನ್ನ ಕಡೆ ನೋಡಲೂ ಇಲ್ಲ. ನನ್ನ ಅವಕಾಶವನ್ನು ನನ್ನ ಹೆತ್ತ ತಾಯಿಯೇ, ನಾನು ಹಿಡಿದ ತಟ್ಟೆಯಲ್ಲಿಯೇ, ಸುಟ್ಟು ಹಾಕಿದ್ದಳು. ಗಾರ್ಮೆಂಟಿನ ಬಸ್ಸು ಹತ್ತುತ್ತಿರುವ ಶರಣಮ್ಮ ಕಣ್ಣಿಗೆ ಕಟ್ಟಿದಳು.

ಆದರೆ ನಮ್ಮವರೂ ಗೋಲು ಹೊಡೆಯಲಿಲ್ಲ. ಪಂದ್ಯ ಸಮವಾಗಿ ಶೂಟೌಟಿಗೆ ಬಂತು. ಅದರಲ್ಲಿ ಎದುರಾಳಿಯೊಬ್ಬ ಚೆಂಡು ಹಿಡಿದು ಒಂಟಿಯಾಗಿ ಓಡಿ ಬರುತ್ತಾನೆ, ಕೀಪರ್ ಒಂಟಿಯಾಗಿ ಎದುರಿಸುತ್ತಾನೆ, ಎಂಟು ಸೆಕೆಂಡಿನಲ್ಲಿ ತೀರ್ಮಾನ. ಸಾದಿಕ್ ಹೆಲ್ಮೆಟ್ ತೆಗೆದು ಕೋಚ್ ಬಳಿಗೆ ನಡೆದು ಬಂದ.

"ಸಾರ್, ಮಲ್ಲೂನ ಕಳ್ಸಿ."

"ನಿನಗೇನ್ ಆಯ್ತು ಮ್ಯಾನ್? ಇವತ್ತು ನಿನ್ ದಿನ."

"ಪ್ರಾಕ್ಟೀಸ್ ಮುಗಿದ್ಮೇಲೆ ನಾನ್ ಮನೆಗ್ ಹೋಗ್ತೀನಿ ಸಾರ್. ಫಾರ್ವರ್ಡ್ಸ್ ಎಲ್ಲಾ ಒನ್-ಟು-ಒನ್ ಹೊಡ್ಯೋದು ಇವನ್ ಮೇಲೇನೇ. ನನಗಿಂತ ಇವನಿಗೆ ಜಾಸ್ತಿ ಗೊತ್ತು."

ನಿಜ. ಮೊದಲನೆಯವನಿಗೆ ವಿಶ್ರಾಂತಿ ಬೇಕೆಂದು ಸಂಜೆಯ ಆ ಏಟುಗಳೆಲ್ಲ ಎರಡನೆಯವನ ಪಾಲಿಗೆ ಬರುತ್ತಿದ್ದವು. ನಾನು ಗೋಲಿಗೆ ಹೋಗಿ ನಿಂತೆ. ನಿಂತದ್ದು ಶರಣಮ್ಮನಿಗಾಗಿ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಸಾದಿಕ್ ಬೆಂಚಿನ ಮೇಲೆ ಕುಳಿತದ್ದನ್ನು ಒಮ್ಮೆ ನೋಡುವ ಆಸೆಯೂ ಇತ್ತು. ಎರಡು ಬಾರಿ ಸೋತೆ, ಮೂರು ಬಾರಿ ತಡೆದೆ. ನಾವು ಗೆದ್ದೆವು. ಎಲ್ಲರೂ ಓಡಿ ಹೋಗಿ ಸಾದಿಕ್‌ನನ್ನು ಎತ್ತಿಕೊಂಡರು. ಸಂಜೆ ತಂಡದ ವಾಟ್ಸಾಪ್ ಗುಂಪಿನಲ್ಲಿ ಅವನ ದೊಡ್ಡ ಮನಸ್ಸಿನ ಬಗ್ಗೆ ಸಂದೇಶಗಳು ಹರಿದವು. ಚೆಂಡುಗಳನ್ನು ಯಾರು ತಡೆದರು ಎಂಬುದು ಅವುಗಳ ನಡುವೆ ಸುಳಿವಿಲ್ಲದೆ ಹೋಯಿತು. ನಾನೂ ಒಂದು ಹೃದಯದ ಚಿತ್ರ ಹಾಕಿದೆ. ಹಾಕದಿದ್ದರೆ ಎದ್ದು ಕಾಣುತ್ತಿತ್ತು.

ಮರುವಾರ ಸಾದಿಕ್‌ಗೆ ಕಂಪನಿಯಲ್ಲಿ ಖಾಯಂ ನೌಕರಿ ಆಯಿತು. ನನಗೆ ಪೂರ್ತಿ ವರ್ಷದ ಕರಾರು. "ಡ್ರಾ ಆದ್ರೆ ನೀನು, ಇಲ್ಲಾಂದ್ರೆ ಅವ್ನು" ಎಂದರು ಡೇವಿಡ್ ಸಾರ್. ಅಂದರೆ ಎಲ್ಲರ ಆಟ ಮುಗಿದ ಮೇಲೆ ನನ್ನ ಆಟ ಆರಂಭ. ಇದರಿಂದ ನನ್ನ ಹೊಟ್ಟೆಕಿಚ್ಚು ಬಹಳ ಇಕ್ಕಟ್ಟಿಗೆ ಸಿಕ್ಕಿದೆ. ಸಾದಿಕ್ ಕೆಟ್ಟದಾಗಿ ಆಡಿದರೆ ನಾವು ಸೋಲುತ್ತೇವೆ, ನಾನು ಬೆಂಚಿನಲ್ಲಿ. ಅವನು ಚೆನ್ನಾಗಿ ಆಡಿ ನಮ್ಮವರೂ ಗೋಲು ಹೊಡೆದರೆ ಗೆಲ್ಲುತ್ತೇವೆ, ಆಗಲೂ ನಾನು ಬೆಂಚಿನಲ್ಲಿ. ಆದ್ದರಿಂದ ಅವನ ಏಳಿಗೆಯನ್ನು ನಾನು ಮನಃಪೂರ್ವಕವಾಗಿ ಹಾರೈಸುತ್ತ, ನಮ್ಮ ಫಾರ್ವರ್ಡ್‌ಗಳ ಮೇಲೆ ಕಣ್ಣು ಹಾಕುವುದನ್ನು ಆರಂಭಿಸಿದ್ದೇನೆ.

ಮನೆಯಲ್ಲಿ ಆದ ಬದಲಾವಣೆ ಇಷ್ಟು: ಅಪ್ಪ ಏಣಿಯ ಕೆಲಸ ಬಿಟ್ಟು ನೆಲದ ಮೇಲಿನ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾರೆ. ಶರಣಮ್ಮ ಹಲಸೂರಿನ ಕಡೆಯ ಒಂದು ಕಾಲೇಜಿಗೆ ಸೇರಿದ್ದಾಳೆ. ಮೊದಲ ಪರೀಕ್ಷೆಯಲ್ಲಿಯೇ ಅವಳಿಗೆ ನನಗಿಂತ ಹೆಚ್ಚು ಅಂಕಗಳು ಬಂದಿವೆ, ಮತ್ತು ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿ ಈಗ ಅವಳ ತಟ್ಟೆಗೆ ಹೋಗುತ್ತದೆ. ನಾನು ದೂರುತ್ತಿಲ್ಲ, ತಿಳಿಸುತ್ತಿದ್ದೇನೆ ಅಷ್ಟೆ.