ಬ್ಯಾಟರಿಯ ಜೊತೆ ಒಂದು ಭಾನುವಾರ

ನಮ್ಮ ಹ್ಯಾಮ್ ರೇಡಿಯೊ (ಹವ್ಯಾಸಿಗಳ ವೈರ್‌ಲೆಸ್) ಕ್ಲಬ್ಬಿನ ಬ್ಯಾಟರಿಯನ್ನು ನನ್ನ ಹೆಂಡತಿ ಮನೆಯಿಂದ ಗಡೀಪಾರು ಮಾಡಿದಳು. ಅವಳ ತಪ್ಪೇನೂ ಇಲ್ಲ (ಇದನ್ನು ಬರೆಯುವಾಗ ಪಕ್ಕದ ಕೋಣೆಯಲ್ಲೇ ಇದ್ದಾಳೆ). ಮಲಗುವ ಕೋಣೆಯಲ್ಲಿ ಚಾರ್ಜಿಗಿಟ್ಟಿದ್ದ ಆ ಮಹಾಶಯ ಆಸಿಡ್ ಕಾರಿಕೊಂಡು, ಅವಳ ಹೊಸ ಹೊದಿಕೆಯನ್ನು ಜರಡಿ ಮಾಡಿದ್ದ.

"ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು. ಯಾರು ಬೇಕು, ಹೇಳಿ."

"ಸ್ವಲ್ಪ ಯೋಚ್ನೆ ಮಾಡಿ ಹೇಳ್ತೀನಿ..."

"ಯೋಚ್ನೆ ಬೇರೆ ಮಾಡ್ಬೇಕಾ?"

ಭಾನುವಾರ ಬೆಳಿಗ್ಗೆ ಬ್ಯಾಟರಿಯೂ ನಾನೂ ಗುಡ್ಡ ಹತ್ತಿದೆವು (ಗುಡ್ಡ ಹತ್ತಿದ್ದು ನಾನು, ಅದು ನನ್ನ ಬೆನ್ನು ಹತ್ತಿತ್ತು).

ಗುಡ್ಡದ ತುದಿಯ ಪುಟ್ಟ ಕೋಣೆಯಲ್ಲಿ ನಮ್ಮ ರಿಪೀಟರ್ ಇದೆ. ಒಬ್ಬರ ದನಿಯನ್ನು ಹಿಡಿದು ಊರಿಗೆಲ್ಲ ದಾಟಿಸುವ ಯಂತ್ರ. ಕರೆಂಟು ಹೋದರೂ ಮಾತು ನಿಲ್ಲಬಾರದೆಂದು ಅದಕ್ಕೆ ಬ್ಯಾಟರಿಯಿಂದಲೇ ಊಟ, ಬ್ಯಾಟರಿಗೆ ಚಾರ್ಜರಿನಿಂದ. ಶಾಸ್ತ್ರೋಕ್ತವಾಗಿ ಕಿಟಕಿ ಬಾಗಿಲು ತೆರೆದೆ. ಚಾರ್ಜಾಗುವಾಗ ಹೊರಡುವ ಗ್ಯಾಸು ಒಳಗೇ ತುಂಬಿಕೊಂಡರೆ ಒಂದು ಕಿಡಿ ಸಾಕು, ನಾನು ಕೀರ್ತಿಶೇಷ. ಕನ್ನಡಕ, ಕೈಗವಸು ತೊಟ್ಟು, ಬ್ಯಾಟರಿಯಿಂದ ರಿಪೀಟರಿಗೂ ಚಾರ್ಜರಿಗೂ ತಂತಿ ಬಿಗಿದ ಮೇಲಷ್ಟೇ ಸ್ವಿಚ್ ಹಾಕಿದೆ. ಗಂಟೆಗೊಮ್ಮೆ ಅದರ ಮೈ ಮುಟ್ಟಿ ಜ್ವರ ನೋಡಿದೆ. (ನನಗೆ ಜ್ವರ ಬಂದಾಗ ಯಾರೂ ಇಷ್ಟು ಸಲ ಮುಟ್ಟಿಲ್ಲ.)

ಬೆಳಿಗ್ಗೆ ಹತ್ತು ಗಂಟೆಗೆಲ್ಲ ಬ್ರೆಡ್ಡು ಮುಗಿಯಿತು. ಮೊಬೈಲ್ ಸಿಗ್ನಲ್ ಮೊದಲೇ ಇಲ್ಲ. ಕೈರೇಡಿಯೊ ತೆಗೆದು, "ಯಾರಾದ್ರೂ ಕೇಳ್ತಿದ್ದೀರಾ?" ಎಂದೆ.

ಕ್ಲಬ್ಬಿನವರನ್ನು ಒಬ್ಬೊಬ್ಬರನ್ನಾಗಿ ಕರೆದೆ.

"ಟೈಲರೇ? ಮೇಷ್ಟ್ರೇ?"

ರಿಪೀಟರ್ ಮಾತ್ರ ಪ್ರತಿ ಸಲವೂ ಕೊನೆಗೆ 'ಕುಂಯ್' ಎಂದು ಸೌಜನ್ಯ ತೋರಿಸಿತು. ಕೆಳಗೆ ನಮ್ಮ ಮನೆಯ ತಾರಸಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಹನ್ನೆರಡು ವರ್ಷದಿಂದ ಈ ಬ್ಯಾಟರಿಗಳನ್ನು ಸಾಕಿದ್ದೇನೆ, ಊರಿನವರು ಮಾತಾಡಲಿ ಎಂದು. ನನ್ನ ಜೊತೆ ಮಾತಾಡಲು ಒಬ್ಬರೂ ಇರಲಿಲ್ಲ.

"ಯಾರೂ ಇಲ್ಲ ಅಂದ್ಮೇಲೆ ನಿಜ ಹೇಳಿಬಿಡ್ತೀನಿ," ಎಂದೆ ಗಾಳಿಗೆ, ರೇಡಿಯೊದ ಬಟನ್ ಒತ್ತಿಕೊಂಡೇ. "ಮನೇಲೂ ಹೀಗೇ. ನಾನು ಬಾಯಿ ತೆಗೆದ್ರೆ ಅವಳು ಮಿಕ್ಸಿ ಹಾಕ್ತಾಳೆ. ನನ್ನ ಮಾತು ಕೇಳೋದು ಬ್ಯಾಟರಿ ಒಂದೇ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಮದುವೆಯಿಂದ ಹಿಡಿದು ಮೊನ್ನೆಯವರೆಗಿನ ಚರಿತ್ರೆ ಹೇಳಿದೆ. ಮಧ್ಯೆ ಎರಡು ಹಾಡನ್ನೂ ಹಾಡಿದೆ.

ಸಂಜೆ ಟೈಲರ್ ಏದುಸಿರು ಬಿಡುತ್ತ ಹತ್ತಿ ಬಂದ. ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಅವನೇ.

"ಚಾರ್ಜ್ ಮುಗೀತಾ ಸಾರ್?"

"ಬೆಳಿಗ್ಗೆಯಿಂದ ಕೂಗ್ತಿದ್ದೀನಿ, ಒಬ್ಬನಾದ್ರೂ ಓ ಅನ್ಬಾರ್ದಾ?"

"ನೀವೇ ನಿನ್ನೆ ಮೆಸೇಜ್ ಹಾಕಿದ್ರಲ್ಲ ಸಾರ್! ಮಾತಾಡಿದ್ರೆ ಬ್ಯಾಟರಿ ಖಾಲಿ ಆಗುತ್ತೆ, ನಾನು ಹೇಳೋವರೆಗೂ ಯಾರೂ ಬಟನ್ ಒತ್ಬೇಡಿ ಅಂತ. ಹನ್ನೊಂದು ಜನಾನೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ವಿ."

"ಹಾಗಾದ್ರೆ... ಎಲ್ಲಾ ಕೇಳಿಸ್ತಾ?"

"ಎರಡನೇ ಹಾಡು ಬೇಡವಾಗಿತ್ತು ಸಾರ್."

ಮೀಟರ್ ನೋಡಿದೆ. ಮುಳ್ಳು ಬೆಳಿಗ್ಗೆ ಇದ್ದಲ್ಲೇ ಇತ್ತು. ಚಾರ್ಜರ್ ತುಂಬಿದ್ದನ್ನೆಲ್ಲ ನಾನು ಮಾತಾಡಿ ಮುಗಿಸಿದ್ದೆ.

ಮನೆಗೆ ಬಂದಾಗ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ನನ್ನ ಹಳೆಯ ಕೈರೇಡಿಯೊ.

"ಲೈಸೆನ್ಸ್ ಇಲ್ದೋರು ಬಟನ್ ಮುಟ್ಬಾರ್ದು ಅಂದಿದ್ರಿ. ಅದಕ್ಕೇ ಉತ್ತರ ಕೊಡ್ಲಿಲ್ಲ."

"ಯಾವಾಗಿಂದ ಕೇಳ್ತಿದ್ದೆ?"

"ಬೆಳಿಗ್ಗೆಯಿಂದ. ನನಗೆ ತಾನೇ ಇನ್ಯಾರಿದ್ದಾರೆ?" ಎಂದು ಒಲೆ ಆರಿಸಿ, ನನ್ನ ಎದುರಿಗೆ ಬಂದು ಕೂತಳು. "ಈಗ ಹೇಳಿ. ಕೇಳ್ತೀನಿ."

ಇಡೀ ದಿನ ಗಾಳಿಗೆ ಮಾತಾಡಿದವನು ಅವಳೆದುರು ಕೈಗವಸು ಮಡಿಸಿದೆ, ಬಿಚ್ಚಿ ಮತ್ತೆ ಮಡಿಸಿದೆ. ಅವಳು ಕಾಯುತ್ತಲೇ ಇದ್ದಳು.

ಕೊನೆಗೆ, "ಬ್ಯಾಟರಿ ಸ್ವಲ್ಪ ಬಿಸಿಯಾಗಿತ್ತು," ಎಂದೆ.