ವೀರಗಲ್ಲಿಗೆ ಮೀಸೆ ಬರೆಸಿದ್ದು

ಅದಕ್ಕೆ ಏನೋ ಅಚ್ಚು ಅನ್ನುತ್ತಾರೆ. ಬೆಲ್ಲದ ಅಚ್ಚಲ್ಲ. ಶಾಸನದ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿ ಅಕ್ಷರ ಎತ್ತಿಕೊಳ್ಳುತ್ತಾರಲ್ಲ, ಅದು. ಪಡಿ... ಪಡಿಯೇನೋ ಇತ್ತು. ಪಡಿಪಾಟಲು ಅಂತೂ ಅಲ್ಲ, ಆದರೆ ನಮ್ಮೂರಲ್ಲಿ ಆದದ್ದು ಅದೇ. ಗೋಣಿಬೀಡಿನಲ್ಲಿ ಬಸ್ಸಿಳಿದು ನಡೆದರೆ ಸಿಗುವ ಊರು. ಅಲ್ಲಿ ಯಾವ ಹಳೇ ಕಲ್ಲು ಮುಟ್ಟಿದರೂ ಎದೆ ಧಸಕ್ಕೆನ್ನುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ನಾನು ಮದುವೆಯಾಗಿ ನಾಗಪುರಕ್ಕೆ ಬಂದವಳು. ಆದರೂ ದೀಪಾವಳಿಗೆ ತವರಿಗೆ ಹೋದಾಗ ನನ್ನ ಪಾಲಿನ ಗಾಬರಿ ನನಗೆ ತಪ್ಪುತ್ತಿರಲಿಲ್ಲ.

ಊರ ಬಾಗಿಲಲ್ಲಿ ಒಂದು ವೀರಗಲ್ಲು. ಯುದ್ಧದಲ್ಲಿ ಸತ್ತವರಿಗೆ ನಿಲ್ಲಿಸುತ್ತಿದ್ದ ಕಲ್ಲು. ಅರ್ಧ ಮಣ್ಣಲ್ಲಿ ಹೂತಿತ್ತು, ಉಳಿದರ್ಧಕ್ಕೆ ತಲೆತಲಾಂತರದ ಎಣ್ಣೆ ಕರಿ ಮೆತ್ತಿ ಮುಖ ಯಾವುದು ಮೂತಿ ಯಾವುದು ಗೊತ್ತಾಗುತ್ತಿರಲಿಲ್ಲ. ಆ ವೀರ ನಮ್ಮ ಮುತ್ತಜ್ಜ ಅಂತ ನಮ್ಮ ಮೇಲ್ಮನೆಯವರು. ಅಲ್ಲ, ನಮ್ಮವನು ಅಂತ ಕೆಳಮನೆ ಗೌಡರು. ಪಾಡ್ಯದ ದಿನ ಕಲ್ಲಿಗೆ ಮೊದಲ ಆರತಿ ಯಾರದ್ದು ಅನ್ನುವ ಜಗಳದಲ್ಲಿ ಎರಡೂ ಮನೆಯವರು ಒಬ್ಬರ ಮನೆ ಕಾಫಿ ಒಬ್ಬರು ಕುಡಿಯುವುದು ಬಿಟ್ಟಿದ್ದರು. "ಮೊದಲ ಆರತಿ ಬಿಟ್ಟುಕೊಡಬೇಡ" ಎಂದು ಅಪ್ಪಯ್ಯ ಸಾಯುವಾಗ ಅಣ್ಣಯ್ಯನ ಕೈ ಹಿಡಿದು ಹೇಳಿ ಹೋಗಿದ್ದರು. ಕೊನೆಗೆ ಊರಿನವರು ಬೇಸತ್ತು, ಚಿಕ್ಕಮಗಳೂರಿನಿಂದ ಇತಿಹಾಸದ ಮೇಷ್ಟ್ರೊಬ್ಬರನ್ನು ಕರೆಸಿದರು. ಕಲ್ಲಿನಲ್ಲಿ ಯಾರ ಮನೆ ಹೆಸರಿದೆಯೋ ಆರತಿ ಅವರದ್ದು ಎಂದು ತೀರ್ಮಾನವಾಯಿತು.

೧. ಲಕ್ಷ್ಮಿ

ಮೇಷ್ಟ್ರು ನಮ್ಮ ಮನೆಯಲ್ಲೇ ಇಳಿದರು. "ಮನೆಯಲ್ಲಿ ಹಳೇ ಕೆತ್ತನೆ ಕಲ್ಲು ಏನಾದ್ರೂ ಇದ್ಯಾ ಅಮ್ಮ?" ಅಂತ ಕೇಳಿದರು. "ಎಂಥದ್ದೂ ಇಲ್ಲ" ಎಂದಳು ಅತ್ತಿಗೆ.

ಕಾಲು ತೊಳೆಯಲು ಹಿತ್ತಲಿಗೆ ಹೋದ ಮನುಷ್ಯ "ಅಯ್ಯಯ್ಯೋ!" ಎಂದು ಕೂಗಿಕೊಂಡರು. ಹಾವು ಅಂದುಕೊಂಡು ನಾವು ದೊಣ್ಣೆ ಹಿಡಿದು ಓಡಿದೆವು. ನೋಡಿದರೆ ಅವರು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೋರಲಾಗಿ ಮಲಗಿ ಅದರ ಅಡಿಗೆ ಕೈ ಹಾಕಿ ತಡವುತ್ತಿದ್ದಾರೆ! ಹಾರೆ ಹಾಕಿ ಕಲ್ಲು ಮಗುಚಿದರೆ, ಎರಡು ಕಡೆ ಆನೆ, ನಡುವೆ ಲಕ್ಷ್ಮಿ. ಯಾವುದೋ ಬಿದ್ದ ಗುಡಿಯ ಬಾಗಿಲ ಮೇಲಿದ್ದ ಕಲ್ಲಂತೆ.

ಅತ್ತಿಗೆ ಕಲ್ಲಿನ ಮುಂದೆ ಕೂತು ಗಲ್ಲ ಬಡಿದುಕೊಂಡಳು. "ಮದುವೆಯಾಗಿ ಬಂದಾಗಿನಿಂದ ಇವರ ತೋಟದ ಚಡ್ಡಿಯನ್ನೆಲ್ಲ ಲಕ್ಷ್ಮಿ ಬೆನ್ನ ಮೇಲೆ ಬಡಿದೆನಲ್ಲೇ!"

"ಅದಕ್ಕೇ ಮನೇಲಿ ಲಕ್ಷ್ಮಿ ನಿಲ್ಲಲಿಲ್ಲ" ಎಂದ ಅಣ್ಣಯ್ಯ.

ಸುದ್ದಿ ಹಬ್ಬಿತು. ಸಂಜೆಯೊಳಗೆ ಊರಿನ ಒಗೆಯುವ ಕಲ್ಲುಗಳೆಲ್ಲ ಮಗುಚಿಕೊಂಡವು. ಉಳಿದ ಯಾವ ಕಲ್ಲಿನಡಿಯಲ್ಲೂ ದೇವರು ಸಿಗಲಿಲ್ಲ, ಏಡಿ ಸಿಕ್ಕಿದವು. ಅವತ್ತು ಊರಿಗೆಲ್ಲ ಏಡಿ ಸಾರು.

೨. ಬಣ್ಣ

ಮೇಷ್ಟ್ರು ವೀರಗಲ್ಲು ನೋಡುವ ಮುಂಚೆ ಅದು ಚೆನ್ನಾಗಿ ಕಾಣಲಿ ಎಂದು ಅಣ್ಣಯ್ಯನ ತಲೆಗೆ ಬಂತು. ಎಸ್ಟೇಟ್ ಗೇಟಿಗೆ ತಂದ ಪೇಂಟು ಉಳಿದಿತ್ತು. ಮೈಗೆ ಹಸಿರು ಬಳಿಸಿ, ಮುಖ ಇಲ್ಲಿರಬಹುದು ಎಂದು ಅಂದಾಜು ಮಾಡಿ, ಅಪ್ಪಯ್ಯನದ್ದೇ ಗಿರಿಜಾ ಮೀಸೆ ಬರೆಸಿದ. ಬೆಳಿಗ್ಗೆ ಹೋಗಿ ನೋಡಿದರೆ ಮೀಸೆಯ ಮೇಲೊಂದು ಕೆಂಪು ರುಮಾಲು! ಥೇಟ್ ಕೆಳಮನೆ ಗೌಡರ ಅಜ್ಜನದ್ದು.

"ನಮ್ಮಪ್ಪನ ಮೀಸೆಗೆ ನಿಮ್ಮಜ್ಜನ ರುಮಾಲು ಯಾಕ್ರೀ ಇಟ್ರಿ?"

"ನಮ್ಮಜ್ಜನ ಮುಖಕ್ಕೆ ನಿಮ್ಮಪ್ಪನ ಮೀಸೆ ಯಾಕೆ ಅಂಟಿಸಿದ್ರಿ ಅದು ಹೇಳಿ ಮಾರಾಯ್ರೆ!"

ಮೇಷ್ಟ್ರು ಬಂದವರು ಕಲ್ಲು ನೋಡಿ ಅಲ್ಲೇ ಕುಸಿದು ಕೂತರು. ಸಾವಿನ ಮನೆಗೆ ಬಂದವರ ಹಾಗೆ ತಲೆ ಮೇಲೆ ಕೈ ಹೊತ್ತರು. ಆಮೇಲೆ "ನೀರು" ಎಂದರು. ಕುಡಿಯಲು ಅಂದುಕೊಂಡು ಅತ್ತಿಗೆ ಲೋಟದಲ್ಲಿ ತಂದಳು.

"ಕೊಡಪಾನ ತನ್ನಿ ತಾಯಿ. ತಿಕ್ಕಬೇಕು."

೩. ಆರತಿ

ಸೀಮೆಎಣ್ಣೆ, ತೆಂಗಿನ ನಾರು, ಸೋಪಿನ ನೀರು. ಒಂದು ಕಡೆ ಅಣ್ಣಯ್ಯ, ಇನ್ನೊಂದು ಕಡೆ ಕೆಳಮನೆ ಗೌಡರು, ಮುಖ ಮುಖ ನೋಡದೆ ತಿಕ್ಕಿದರು. ಬುಡದ ಮಣ್ಣನ್ನೂ ಬಿಡಿಸಿದರು. ಪೇಂಟು ಹೋಯಿತು, ಎಣ್ಣೆ ಕರಿ ಹೋಯಿತು. ನಿಧಾನಕ್ಕೆ ಕೆತ್ತನೆ ಕಾಣಿಸಿತು. ನಾಲ್ಕು ಕಾಲು. ಎದುರಿಗೊಂದು ಕಾಡುಹಂದಿ. ಅಣ್ಣಯ್ಯ ಮೀಸೆ ಬರೆಸಿದ್ದ ಜಾಗದಲ್ಲಿ ಬಾಲ.

ಊರಿಗೆ ಊರೇ ಸುತ್ತ ಮುತ್ತಿಕೊಂಡಿತು. ಮೇಷ್ಟ್ರು ಕಾಗದ ಅಂಟಿಸಿ ತಟ್ಟಿ, ಮಸಿ ಒತ್ತಿ, ಕನ್ನಡಕ ಏರಿಸಿ ಹೇಳಿದರು: "ಇದು ಕೆಂಚ ಅನ್ನೋ ನಾಯಿಯ ಕಲ್ಲು. ಹಂದಿ ಜೊತೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿದೆ."

ಅಣ್ಣಯ್ಯನ ಮುಖ ನೋಡಲಾಗಲಿಲ್ಲ. ಪಾಡ್ಯಕ್ಕೆಂದು ತಂದಿಟ್ಟಿದ್ದ ಆರತಿ ತಟ್ಟೆಯನ್ನು ಗೌಡರ ಕಡೆ ಚಾಚಿ, "ಗೌಡ್ರೆ, ನಾನೂ ಯೋಚನೆ ಮಾಡಿದೆ. ಮೊದಲ ಆರತಿ ನಿಮ್ಮದೇ ಸರಿ. ಹಿರಿಯರು ನಿಮ್ಮವರು" ಎಂದ.

"ಛೆ ಛೆ, ನಿಮ್ಮಪ್ಪಯ್ಯ ಅಷ್ಟು ಹೇಳಿ ಸತ್ತಿದ್ದಾರೆ. ನಾವು ಅಡ್ಡ ಬರಬಾರದು. ನಿಮ್ಮದೇ ಆಗ್ಲಿ" ಎಂದರು ಕೆಳಮನೆ ಗೌಡರು.

ನೀವು ನೀವು ಎಂದು ತಟ್ಟೆ ಆಚೆ ಈಚೆ ಹೋಗುತ್ತಿರುವಾಗ ಮೇಷ್ಟ್ರು, "ಇನ್ನೊಂದು ಸಾಲಿದೆ. ನಾಯಿ ಸಾಕಿದ ಈ ಊರಿನ ಗೌಡ ದುಃಖಪಟ್ಟು ಕಲ್ಲು ನಿಲ್ಲಿಸಿದನಂತೆ" ಎಂದರು.

"ಅವನೇ! ಅವನೇ ನಮ್ಮ ಮುತ್ತಜ್ಜ!" ಎಂದು ಇಬ್ಬರೂ ಒಟ್ಟಿಗೆ ಹಾರಿದರು. ತಟ್ಟೆಯ ಒಂದು ಅಂಚು ಇವನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ.

ಅತ್ತಿಗೆ ಮುಂದೆ ಬಂದಳು. "ಮೇಷ್ಟ್ರೇ, ನಾಯಿ ಹಂದಿಗೆ ಎದುರು ನಿಂತಾಗ ಆ ಗೌಡ ಎಲ್ಲಿದ್ದ ಅಂತ ಬರೆದಿದ್ಯಾ?"

"ಇಲ್ಲಮ್ಮ."

"ಮರ ಹತ್ತಿ ಕೂತಿರಬೇಕು. ಹಾಗಿದ್ರೆ ಅನುಮಾನವೇ ಬೇಡ, ಇಬ್ಬರಿಗೂ ಅವನೇ ಮುತ್ತಜ್ಜ."

ತಟ್ಟೆ ಕಿತ್ತುಕೊಂಡು ಕೆಂಚನಿಗೆ ಮೊದಲ ಆರತಿ ಎತ್ತಿದವಳು ಅವಳು. ಆಮೇಲೆ ಪ್ರತಿ ಪಾಡ್ಯಕ್ಕೂ ಅವಳದ್ದೇ. ಅವತ್ತು ಅಣ್ಣಯ್ಯ ಅಪ್ಪಯ್ಯನ ಫೋಟೋದ ಕಡೆ ನೋಡಲಾರದೆ ಕೆಳಮನೆಗೆ ಹೋಗಿ ಕೂತ. ಅಲ್ಲಿ ಕಾಫಿ ಕೊಟ್ಟರು. ಕುಡಿದ.

ಪುಟ್ಟೀ, ಈ ಅಜ್ಜಿಗೆ ಕಣ್ಣು ಮಂಜು, ಈ ಕಥೆ ನೀನೇ ಬರೆದಿಡು. ನಮ್ಮೂರಿನ ಹಿರಿಯರು ಅಂತ ಮೇಲೆ ಬರಿ, ಕೆಳಗೆ ಕೆಂಚನ ಹೆಸರು. ಗೌಡನಿಗೆ ಜಾಗ ಉಳಿದರೆ ನೋಡೋಣ.